ಚರ್ಮ ಕೊನೆಗೆ ಬರಲಿ: ಚಿತ್ರ ಕಲಿಸುವ ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯಾ,

ನಿನ್ನ ವಿದ್ಯಾರ್ಥಿಗಳು ಸರೀಸೃಪಗಳನ್ನು ಇಟ್ಟುಕೊಂಡು ಮಾಡಿದ ಚಿತ್ರಗಳನ್ನೆಲ್ಲ ನೋಡಿದೆ. ‘ಚೆನ್ನಾಗಿದೆ’ ಅಂತ ಒಂದು ಮೆಸೇಜ್ ಹಾಕಿ ಮುಗಿಸಬಹುದಿತ್ತು. ಆದರೆ ನೀನು ಕೇಳಿದ್ದು ಅದಲ್ಲ. ‘ಕೈ ಪಳಗಿದೆ, ಆದರೂ ಏನೋ ಕೂತಿಲ್ಲ, ಏನು ಅಂತ ಹೇಳು’ ಅಂದಿದ್ದೆ. ಅದಕ್ಕೇ ಈ ಉದ್ದನೆಯ ಪತ್ರ. ಇಂಥದೇ ಪ್ರಾಜೆಕ್ಟ್ ಮಾಡಿಸುವ ಬೇರೆ ಮೇಷ್ಟ್ರುಗಳಿಗೂ ಉಪಯೋಗವಾಗಲಿ ಅಂತ ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ. ನಿನ್ನ ಹೆಸರಾಗಲಿ ಮಕ್ಕಳ ಹೆಸರಾಗಲಿ ಎಲ್ಲೂ ಇಲ್ಲ, ಗಾಬರಿ ಬೇಡ.

ನೇರವಾಗಿ ಹೇಳಿಬಿಡುತ್ತೇನೆ. ಹೆಚ್ಚಿನವರು ಪ್ರಾಣಿಯನ್ನು ಬಿಡಿಸಿಲ್ಲ, ಅದರ ಚರ್ಮವನ್ನು ಬಿಡಿಸಿದ್ದಾರೆ. ಒಬ್ಬಳ ಮುಖದ ತುಂಬ ಹಾವಿನ ಹುರುಪೆ. ಒಂದು ಗಿಟಾರಿಗೆ ಮೊಸಳೆಯ ಬೆನ್ನು. ಎಷ್ಟು ತಾಳ್ಮೆಯಿಂದ ಮಾಡಿದ್ದಾರೆ ಅಂದರೆ ಬೈಯುವುದಕ್ಕೂ ಮನಸ್ಸು ಬರುವುದಿಲ್ಲ. ಆದರೆ ಆ ಹುರುಪೆ ತೆಗೆದು ಅಲ್ಲಿ ಎಲೆಯ ಡಿಸೈನ್ ಹಾಕಿದರೂ ಚಿತ್ರಕ್ಕೆ ಏನೂ ಆಗುವುದಿಲ್ಲ. ಹಾಗಿದ್ದ ಮೇಲೆ ಹಾವಿನಿಂದ ಪಡೆದದ್ದು ಏನು? ಪ್ರಾಣಿ ಹೇಗೆ ನಿಲ್ಲುತ್ತದೆ, ಏನು ಮಾಡುತ್ತದೆ, ಅದರ ಮೈ ಯಾಕೆ ಹಾಗಿದೆ ಅನ್ನುವುದು ಮೊದಲು ಬರಬೇಕು. ಚರ್ಮ ಕೊನೆಗೆ ಬರಲಿ.

ನನಗೆ ತುಂಬ ಹಿಡಿಸಿದ್ದು ಬಾಲದ ಚಿತ್ರ. ಅದೇ, ಹಲ್ಲಿಯ ಬಾಲದ ಮುಂದಿನ ಅರ್ಧ ಒಂದು ಥರ, ಹಿಂದಿನ ಅರ್ಧ ಇನ್ನೊಂದು ಥರ ಇರುವುದು. ಬಾಲ ಉದುರಿ ಮತ್ತೆ ಬೆಳೆದ ಹಲ್ಲಿ ಅದು ಅಂತ ಆ ಹುಡುಗ ಎಲ್ಲೂ ಬರೆದಿಲ್ಲ, ಆದರೂ ನೋಡಿದ ಕೂಡಲೇ ಗೊತ್ತಾಗುತ್ತದೆ. ಅವನು ನಿಜವಾಗಿಯೂ ನೋಡಿದ್ದಾನೆ. ಹೊಸದಾಗಿ ಬೆಳೆದ ಬಾಲದೊಳಗೆ ಮೊದಲಿನ ಹಾಗೆ ಮೂಳೆಯ ಗಂಟುಗಳಿರುವುದಿಲ್ಲ, ಮೆದುಮೂಳೆಯ ಒಂದು ಕೊಳವೆ ಇರುತ್ತದೆ. ಮೇಲಿನ ಹುರುಪೆಯ ಸಾಲೂ ಬೇರೆ, ಪಟ್ಟೆಗಳು ಅಲ್ಲಿಗೇ ನಿಂತುಹೋಗಿರುತ್ತವೆ. ಸಾಮಾನ್ಯವಾಗಿ ಹಳೆಯ ಬಾಲಕ್ಕಿಂತ ಗಿಡ್ಡ, ಬಣ್ಣವೂ ಮಂಕು. ಅಂದರೆ ಆ ಹಲ್ಲಿಯ ಜೀವನದಲ್ಲಿ ನಡೆದ ಒಂದು ಘಟನೆ ಅದರ ಮೈಮೇಲೇ ಇದೆ. ಇಲಸ್ಟ್ರೇಷನ್ ಮಾಡುವವನಿಗೆ ಇದಕ್ಕಿಂತ ಏನು ಬೇಕು? ಅವನಿಗೆ ಹೇಳು, ಇದನ್ನು ಒಂದೇ ಚಿತ್ರಕ್ಕೆ ನಿಲ್ಲಿಸದೆ ಸರಣಿ ಮಾಡಲಿ. ಉದುರಿದ ಬಾಲ ಆಮೇಲೂ ಸ್ವಲ್ಪ ಹೊತ್ತು ಒದ್ದಾಡುತ್ತಿರುತ್ತದೆ, ಬೇಟೆಗೆ ಬಂದವನ ಕಣ್ಣು ಅದರ ಮೇಲೆ, ಹಲ್ಲಿ ಅಷ್ಟರಲ್ಲಿ ಮಾಯ. ಮೂರು ಫ್ರೇಮಿನ ಕಾಮಿಕ್ ಅದಾಗಲೇ ರೆಡಿ ಇದೆ. ಆದರೆ ಆ ಸರಣಿಗೆ ಉಡವನ್ನೋ ಗೋಸುಂಬೆಯನ್ನೋ ತಂದು ಸೇರಿಸುವುದು ಬೇಡ. ಅವು ಬಾಲ ಉದುರಿಸುವುದಿಲ್ಲ.

ಹಾವುಗಳ ವಿಷಯಕ್ಕೆ ಬರೋಣ, ಅವೇ ಜಾಸ್ತಿ ಇವೆ. ಎಲ್ಲ ಹಾವೂ ಬಾಯಿ ತೆರೆದುಕೊಂಡು ನಾಲಿಗೆ ಚಾಚಿವೆ. ಹಾವು ನಾಲಿಗೆ ಹೊರಗೆ ಹಾಕುವುದಕ್ಕೆ ಬಾಯಿ ತೆರೆಯಬೇಕಾಗಿಲ್ಲ ಮಾರಾಯ. ಮೇಲ್ದುಟಿಯ ತುದಿಯಲ್ಲಿ ಒಂದು ಸಣ್ಣ ಕಚ್ಚು ಇರುತ್ತದೆ, ಬಾಯಿ ಮುಚ್ಚಿದ್ದರೂ ಅದರಿಂದ ನಾಲಿಗೆ ಬಂದು ಹೋಗುತ್ತದೆ. ಅದು ಹೆದರಿಸುತ್ತಿರುವುದೂ ಅಲ್ಲ, ಗಾಳಿಯಲ್ಲಿನ ವಾಸನೆ ಹಿಡಿಯುತ್ತಿರುವುದು. ಬಾಯಿ ಮುಚ್ಚಿಸಿ ಬಿಡಿಸಿದರೆ ಅರ್ಧಕ್ಕರ್ಧ ಚಿತ್ರಗಳಲ್ಲಿನ ನಾಟಕ ತಾನಾಗಿಯೇ ಇಳಿಯುತ್ತದೆ. ಕಣ್ಣಿನದೂ ಅದೇ ಕಥೆ. ಕೋಪ ತೋರಿಸಲು ಹುಬ್ಬು ಗಂಟಿಕ್ಕಿದ ಹಾಗೆ ರೆಪ್ಪೆ ಎಳೆದಿದ್ದಾರೆ. ಹಾವಿಗೆ ರೆಪ್ಪೆಯೇ ಇಲ್ಲ. ಕಣ್ಣಿನ ಮೇಲೆ ಪಾರದರ್ಶಕವಾದ ಒಂದು ಹುರುಪೆ ಇರುತ್ತದೆ, ಪೊರೆ ಬಿಡುವಾಗ ಅದೂ ಜೊತೆಗೇ ಕಳಚುತ್ತದೆ. ಪೊರೆ ಬಿಡುವ ಮುಂಚೆ ಕೆಲವು ದಿನ ಆ ಕಣ್ಣು ಹಾಲು ಬೆರೆಸಿದ ನೀಲಿ ಬಣ್ಣಕ್ಕೆ ತಿರುಗುತ್ತದೆ, ಮೈಬಣ್ಣವೂ ಮಸುಕಾಗುತ್ತದೆ. ಆ ಸ್ಥಿತಿಯ ಹಾವನ್ನು ಒಬ್ಬರೂ ಬಿಡಿಸಿಲ್ಲ ನೋಡು. ‘ಹೊಸ ಹುಟ್ಟು’ ಅಂತ ದೊಡ್ಡ ದೊಡ್ಡ ಶೀರ್ಷಿಕೆ ಮಾತ್ರ ಕೊಟ್ಟಿದ್ದಾರೆ.

ಹೆಡೆ ಎತ್ತಿದ ನಾಗರಹಾವನ್ನು ಎದುರಿನಿಂದ ಬಿಡಿಸಿ, ಎದುರಿಗೇ ಕನ್ನಡಕದ ಗುರುತು ಹಾಕಿದ್ದಾಳಲ್ಲ ಒಬ್ಬಳು, ಅವಳಿಗೆ ಇದನ್ನು ತೋರಿಸು. ಆ ಗುರುತು ಇರುವುದು ಹೆಡೆಯ ಹಿಂಭಾಗದಲ್ಲಿ. ಎದುರಿನಿಂದ ಕಾಣುವುದು ಹೊಟ್ಟೆಯ ಕಡೆಯ ಅಗಲವಾದ ಅಡ್ಡ ಹುರುಪೆಗಳು, ಅವುಗಳ ಮೇಲೆ ಕಪ್ಪು ಪಟ್ಟಿಗಳು. ಬೆನ್ನಿನ ಹುರುಪೆ ಓರೆ ಸಾಲಿನಲ್ಲಿ ಹೋಗುತ್ತದೆ, ಹೊಟ್ಟೆಯದು ಏಣಿಯ ಮೆಟ್ಟಿಲಿನಂತೆ ಅಡ್ಡಕ್ಕೆ ಕೂರುತ್ತದೆ. ಹಾವು ಸುತ್ತಿಕೊಂಡು ಹೊರಳಿದಾಗ ಓರೆ ಸಾಲು ಎಲ್ಲಿ ಮುಗಿದು ಅಡ್ಡ ಸಾಲು ಎಲ್ಲಿ ಶುರುವಾಗುತ್ತದೆ ಅನ್ನುವ ಒಂದು ಗೆರೆ ಸರಿಯಾಗಿ ಬಿದ್ದರೆ ಸಾಕು. ಒಂದೊಂದೇ ಹುರುಪೆ ಬಿಡಿಸದಿದ್ದರೂ ಮೈ ದುಂಡಗೆ ಕಾಣುತ್ತದೆ. ಆ ಗೆರೆ ತಪ್ಪಿದರೆ ಸಾವಿರ ಹುರುಪೆ ತುಂಬಿದರೂ ಪೈಪಿಗೆ ಬಟ್ಟೆ ಸುತ್ತಿದ ಹಾಗೇ.

ಈಗ ಮೊಸಳೆ. ಇದನ್ನು ಹೇಳುವುದಕ್ಕೆ ಕೈ ತುರಿಸುತ್ತಿತ್ತು. ಟ್ಯಾಬ್ಲೆಟ್‌ನಲ್ಲಿ ಬಿಡಿಸಿದ ಮೊಸಳೆಯ ಮುಖ ಇದೆಯಲ್ಲ, ಎದುರಿನಿಂದ, ತುಂಬ ಫಿನಿಶಿಂಗ್ ಇರುವುದು? ಅರ್ಧ ಬಿಡಿಸಿ, ಅದನ್ನೇ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿ ಇನ್ನರ್ಧಕ್ಕೆ ಹಾಕಿ ಮಿರರ್ ಮಾಡಿದ್ದಾನೆ. ಹಾವಿನ ತಲೆಗಾದರೆ ನಡೆಯುತ್ತಿತ್ತು. ನಾಗರಹಾವು, ಕೇರೆಹಾವಿನಂಥವಕ್ಕೆ ತಲೆಯ ಮೇಲೆ ದೊಡ್ಡ ಬಿಲ್ಲೆಗಳು ಎಡಕ್ಕೂ ಬಲಕ್ಕೂ ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಮೊಸಳೆಯ ಮುಖ ಹಾಗಲ್ಲ. ಎಡಗೆನ್ನೆಯ ಗೆರೆಗಳು ಬಲಗೆನ್ನೆಗೆ ಹೊಂದುವುದೇ ಇಲ್ಲ, ಎರಡು ಮೊಸಳೆಗಳ ಮುಖವೂ ಒಂದೇ ಥರ ಇರುವುದಿಲ್ಲ. ಮೈಮೇಲಿನ ಹುರುಪೆಗಳು ಒಂದೊಂದೂ ತನ್ನ ತನ್ನ ಜಾಗದಲ್ಲಿ ಮೊಳೆತು ಬೆಳೆಯುತ್ತವೆ. ಮುಖದವು ಹಾಗೆ ಬರುವುದಿಲ್ಲ ಅಂತ 2013ರಲ್ಲಿ ವಿಜ್ಞಾನಿಗಳು ತೋರಿಸಿದರು. ಮೊಟ್ಟೆಯೊಳಗೇ ಮುಖದ ಚರ್ಮ ಬಿರುಕು ಬಿಟ್ಟು ಅವು ಆಗುತ್ತವೆ ಅಂತ ಆಗ ಹೇಳಿದ್ದರು. 2024ರಲ್ಲಿ ಬಂದ ಇನ್ನೊಂದು ಅಧ್ಯಯನ, ಬಿರುಕಲ್ಲ, ಚರ್ಮ ಒಳಗಿನದಕ್ಕಿಂತ ಬೇಗ ಬೆಳೆದು ಮಡಿಕೆ ಬೀಳುತ್ತದೆ ಅಂತ ವಿವರಿಸಿತು. ಯಾವುದಾದರೂ ಇರಲಿ, ಚಿತ್ರ ಬಿಡಿಸುವವನಿಗೆ ಬೇಕಾದ್ದು ಇಷ್ಟು: ಆ ಮುಖದಲ್ಲಿ ಮಿರರ್ ಬಟನ್ ಮುಟ್ಟಬಾರದು. ಬಲಗಡೆಯನ್ನು ಹೊಸದಾಗಿ ಬಿಡಿಸು ಅಂತ ಅವನಿಗೆ ಹೇಳಿ ನೋಡು, ಈಗ ಮುಖವಾಡದ ಹಾಗಿರುವುದು ಒಂದು ನಿರ್ದಿಷ್ಟ ಮೊಸಳೆ ಆಗುತ್ತದೆ. ಹಾಗೇ ಹಲ್ಲೂ ನೋಡಲಿ. ಬಾಯಿ ಮುಚ್ಚಿದಾಗ ಕೆಳದವಡೆಯ ನಾಲ್ಕನೇ ಹಲ್ಲು ಹೊರಗೆ ಕಂಡರೆ ಮೊಸಳೆ, ಕಾಣದಿದ್ದರೆ ಅದರ ಬಂಧು ಆಲಿಗೇಟರ್. ಅವನ ಚಿತ್ರದಲ್ಲಿ ಮೂತಿ ಮೊಸಳೆಯದು, ಹಲ್ಲು ಆಲಿಗೇಟರಿನದು.

ಬಣ್ಣದ ಬಗ್ಗೆ ಒಂದು ಸಂಗತಿ, ಜಲವರ್ಣ ಮಾಡುವ ಮಕ್ಕಳಿಗೆ. ಅನೇಕ ಹಸಿರು ಹಾವುಗಳಲ್ಲಿ ಹಸಿರು ಬಣ್ಣದ ಕಣವೇ ಇರುವುದಿಲ್ಲ. ಕೆಳಗಿನ ಪದರ ನೀಲಿ ಬೆಳಕನ್ನು ಹಿಂದಕ್ಕೆ ಹೊಡೆಯುತ್ತದೆ, ಮೇಲೆ ಹಳದಿ ಬಣ್ಣದ ಕಣಗಳಿರುತ್ತವೆ, ಎರಡೂ ಸೇರಿ ಹಸಿರು. ಸತ್ತ ಮೇಲೆ ಸ್ಪಿರಿಟ್‌ನಲ್ಲಿಟ್ಟರೆ ಹಳದಿ ಕರಗಿಹೋಗಿ ಹಾವು ನೀಲಿಯಾಗುತ್ತದೆ. ಟ್ಯೂಬಿನಿಂದ ಹಸಿರು ತೆಗೆದು ಬಳಿಯುವ ಬದಲು ಮೊದಲು ತೆಳುವಾಗಿ ನೀಲಿ ವಾಶ್ ಕೊಟ್ಟು, ಅದು ಪೂರ್ತಿ ಒಣಗಿದ ಮೇಲೆ ಹಳದಿ ಎಳೆದು ನೋಡಲಿ. ಹಾವಿನ ಮೈ ಮಾಡುವುದನ್ನೇ ಕಾಗದದ ಮೇಲೆ ಮಾಡಿದ ಹಾಗೆ. ಆ ಹಸಿರಿಗೆ ಬರುವ ಆಳ ಟ್ಯೂಬಿನ ಹಸಿರಿಗೆ ಬರುವುದಿಲ್ಲ, ನೀನೇ ಮಾಡಿ ನೋಡು.

ಗೋಸುಂಬೆಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಎಲ್ಲರೂ ಅದನ್ನು ವಾಲ್‌ಪೇಪರಿನ ಮುಂದೆ ಕೂರಿಸಿ ಅದೇ ಡಿಸೈನಿಗೆ ತಿರುಗಿಸಿದ್ದಾರೆ. ಅದು ಬಣ್ಣ ಬದಲಿಸುವುದು ಹೆಚ್ಚಾಗಿ ಇನ್ನೊಂದು ಗೋಸುಂಬೆಗೆ ಏನೋ ಹೇಳಲು, ಮತ್ತೆ ಬಿಸಿಲು-ಚಳಿಗೆ ಹೊಂದಿಕೊಳ್ಳಲು. ಚರ್ಮದೊಳಗೆ ಸಣ್ಣ ಹರಳುಗಳಿದ್ದು, ಅವುಗಳ ನಡುವಿನ ಅಂತರ ಹೆಚ್ಚುಕಡಿಮೆಯಾದಂತೆ ಬಣ್ಣ ಬದಲಾಗುತ್ತದೆ ಅಂತ 2015ರಲ್ಲಿ ಜಿನೀವಾ ವಿಶ್ವವಿದ್ಯಾಲಯದವರು ತೋರಿಸಿದ್ದಾರೆ. ಎರಡು ಗಂಡು ಗೋಸುಂಬೆಗಳು ಜಗಳಕ್ಕೆ ನಿಂತು ಬಣ್ಣದಲ್ಲೇ ಬೈದಾಡಿಕೊಳ್ಳುವುದು ವಾಲ್‌ಪೇಪರಿಗಿಂತ ಎಷ್ಟೋ ಒಳ್ಳೆಯ ಐಡಿಯಾ, ಅಲ್ವಾ? ಆಮೇಲೆ ಪಾದ. ಐದು ಬೆರಳು ಎರಡು ಕಟ್ಟಾಗಿ ಇಕ್ಕಳದ ಥರ ಕೊಂಬೆ ಹಿಡಿಯುತ್ತವೆ. ಮುಂಗಾಲಲ್ಲಿ ಒಳಗಡೆ ಮೂರು, ಹೊರಗಡೆ ಎರಡು. ಹಿಂಗಾಲಲ್ಲಿ ಇದರ ಉಲ್ಟಾ.

ನೋಡದೆ ಬಿಡಿಸುವುದು ಹೊಸ ಕಾಯಿಲೆಯೇನಲ್ಲ ಅನ್ನು. ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್ ಪಾರ್ಕಿನಲ್ಲಿ 1854ರಲ್ಲಿ ಶಿಲ್ಪಿ ವಾಟರ್‌ಹೌಸ್ ಹಾಕಿನ್ಸ್ ಇಗ್ವಾನೊಡಾನ್ ಡೈನೊಸಾರ್ ಮೂರ್ತಿಗಳನ್ನು ಮಾಡಿ ನಿಲ್ಲಿಸಿದ. ಮೂಗಿನ ಮೇಲೆ ಒಂದು ಕೊಂಬು. 1878ರಲ್ಲಿ ಬೆಲ್ಜಿಯಮ್ಮಿನಲ್ಲಿ ಪೂರ್ತಿ ಅಸ್ಥಿಪಂಜರಗಳು ಸಿಕ್ಕ ಮೇಲೆ ತಿಳಿಯಿತು, ಅದು ಕೊಂಬಲ್ಲ, ಹೆಬ್ಬೆರಳು. ಅವನ ಕೈಯಲ್ಲಿದ್ದದ್ದು ನಾಲ್ಕು ಮೂಳೆ, ಅವನನ್ನು ದೂರುವ ಹಾಗಿಲ್ಲ. ನಿನ್ನ ಮಕ್ಕಳ ಕೈಯಲ್ಲಿ ಇಡೀ ಇಂಟರ್ನೆಟ್ ಇದೆ. ಅದಕ್ಕೂ ಹಿಂದೆ, 1699ರಲ್ಲಿ, ಮರಿಯಾ ಸಿಬಿಲಾ ಮೆರಿಯಾನ್ ಅನ್ನುವ ಚಿತ್ರಕಲಾವಿದೆ ತನ್ನ 52ನೇ ವಯಸ್ಸಿನಲ್ಲಿ ಮಗಳನ್ನು ಕರೆದುಕೊಂಡು ಹಡಗು ಹತ್ತಿ ದಕ್ಷಿಣ ಅಮೆರಿಕದ ಸುರಿನಾಮಿಗೆ ಹೋದಳು, ಜೀವಗಳನ್ನು ಅವು ಇರುವಲ್ಲೇ ನೋಡಿ ಬಿಡಿಸಬೇಕು ಅಂತ. ಹಾವನ್ನು ಬಾಯಲ್ಲಿ ಕಚ್ಚಿ ಹಿಡಿದ ಕೈಮನ್ ಮೊಸಳೆಯ ಅವಳ ಚಿತ್ರ ಹುಡುಕಿ ತೋರಿಸು. ಸ್ವಲ್ಪ ನಾಟಕೀಯ ಅನ್ನಿಸಬಹುದು, ಆದರೆ ಎರಡು ಮೈಗಳೂ ಒಂದನ್ನೊಂದು ಎಳೆಯುತ್ತಿವೆ, ಆ ಬಿಗಿ ಕಣ್ಣಿಗೆ ಕಾಣುತ್ತದೆ.

ಪ್ಯಾಟರ್ನೇ ಬೇಕು ಅಂತ ಹಟ ಹಿಡಿದ ಹುಡುಗಿ ಇದ್ದಾಳಲ್ಲ, ಅವಳನ್ನು ತಡೆಯಬೇಡ. ಡಚ್ ಕಲಾವಿದ ಎಶರ್‌ನ 1943ರ ಲಿಥೋಗ್ರಾಫ್ (ಕಲ್ಲಚ್ಚಿನ ಚಿತ್ರ) ‘ರೆಪ್ಟೈಲ್ಸ್’ ಕೊಡು. ಕಾಗದದ ಮೇಲೆ ಒಂದಕ್ಕೊಂದು ಜೋಡಿಸಿದ ಚಪ್ಪಟೆ ಹಲ್ಲಿಗಳಲ್ಲಿ ಒಂದು ಎದ್ದು ಹೊರಗೆ ಬಂದು, ಪುಸ್ತಕ ಹತ್ತಿ, ಮೇಲೆ ನಿಂತು ಮೂಗಿನಿಂದ ಹೊಗೆ ಬಿಟ್ಟು, ಮತ್ತೆ ಹೋಗಿ ಕಾಗದದಲ್ಲಿ ಚಪ್ಪಟೆಯಾಗುತ್ತದೆ. ಅಲ್ಲಿ ಪ್ಯಾಟರ್ನ್ ಆಗಿರುವುದು ಚರ್ಮವಲ್ಲ, ಇಡೀ ಪ್ರಾಣಿ. ಕಾಲು ಕಾಲಿನ ಸಂದಿಯಲ್ಲಿ ಇನ್ನೊಂದರ ತಲೆ ಕೂರುತ್ತದೆ.

ಇನ್ನು ರೆಫರೆನ್ಸ್. ಫೋಟೊ ನೋಡಿಯೇ ಬಿಡಿಸುವುದಾದರೆ ಒಂದೇ ಪ್ರಾಣಿಯ ಬೇರೆ ಬೇರೆ ಫೋಟೊ ನೋಡಲಿ, ಒಂದನ್ನೇ ಟ್ರೇಸ್ ಮಾಡುವುದು ಬೇಡ. ಎಐ ಮಾಡಿದ ಚಿತ್ರಗಳನ್ನು ರೆಫರೆನ್ಸ್ ಅಂತ ತಂದರೆ ಮೊದಲು ಬೆರಳು ಎಣಿಸಲು ಹೇಳು, ಎಷ್ಟೋ ಸಲ ಆಟ ಅಲ್ಲೇ ಮುಗಿಯುತ್ತದೆ. ಆದರೆ ಎಲ್ಲಕ್ಕಿಂತ ಒಳ್ಳೆಯ ಮಾಡೆಲ್ ಅಂದರೆ ಜೀವಂತ ಹಲ್ಲಿಯೇ. ಗಟ್ಟಿಯಾಗಿ ಕೂತಿತೆಂದರೆ ಅಲುಗುವುದೇ ಇಲ್ಲ, ಬಾಡಿಗೆಗೆ ಬರುವ ಮಾಡೆಲ್ ಕೂಡ ಅಷ್ಟು ಹೊತ್ತು ಕೂರುವುದಿಲ್ಲ. ರಾತ್ರಿ ಕಿಟಕಿ ಗಾಜಿನ ಹೊರಗೆ ಕೂತ ಹಲ್ಲಿಯನ್ನು ಒಳಗಿನಿಂದ ಬಿಡಿಸಲಿ. ಬೆರಳಿನ ಅಡಿಯ ಅಡ್ಡ ಪದರಗಳು ಸ್ಪಷ್ಟವಾಗಿ ಕಾಣುತ್ತವೆ. ಹೆಜ್ಜೆ ಕೀಳುವಾಗ ಗಮನಿಸಬೇಕು: ಬೆರಳು ತುದಿಯಿಂದ ಹಿಂದಕ್ಕೆ ಸುರುಳಿಯಾಗಿ ಬಿಡಿಸಿಕೊಳ್ಳುತ್ತದೆ, ಟೇಪ್ ಕಿತ್ತ ಹಾಗೆ. ಅದೊಂದೇ ಚಲನೆಯನ್ನು ಪುಟದ ತುಂಬ ಬಿಡಿಸಿದರೆ ಸಾಕು, ಮಾರ್ಕ್ಸ್ ಕೊಡು. ಹಾವನ್ನಂತೂ ಯಾರೂ ಹಿಡಿಯಲು, ಹತ್ತಿರ ಹೋಗಲು ಬೇಡ. ಸ್ಕೆಚ್ ಬುಕ್ಕಿಗಾಗಿ ಯಾರೂ ಆಸ್ಪತ್ರೆ ಸೇರಬೇಕಾಗಿಲ್ಲ.

ಪ್ರತಿ ಚಿತ್ರದ ಜೊತೆ ಬರಹ ಇರಬೇಕಾ ಅಂತ ಕೇಳಿದ್ದೆ. ಇರಲಿ, ಆದರೆ ಈಗಿರುವಂಥದ್ದು ಬೇಡ. ‘ಬದಲಾವಣೆಯ ಸಂಕೇತ’, ‘ಮನಸ್ಸಿನ ಕತ್ತಲೆ’ ಎಲ್ಲ ಓದಿ ಸುಸ್ತಾಯಿತು. ಯಾವ ಪ್ರಾಣಿ, ಎಲ್ಲಿ ನೋಡಿದೆ, ಗೊತ್ತಿದ್ದೂ ಏನನ್ನು ಬಿಟ್ಟೆ, ಇಷ್ಟು ಬರೆದರೆ ಸಾಕು. ‘ಗೊತ್ತಿದ್ದೂ’ ಅನ್ನುವುದು ಮುಖ್ಯ. ಗೊತ್ತಿದ್ದು ಗೋಸುಂಬೆಗೆ ಆರು ಬೆರಳು ಇಟ್ಟರೆ ನನ್ನ ತಕರಾರಿಲ್ಲ.

ಮುಂದಿನ ಸುತ್ತು ಆದಾಗ ದೊಡ್ಡ ಫೈಲುಗಳನ್ನೇ ಕಳಿಸು. ಈ ಸಲದವು ತೀರ ಚಿಕ್ಕವು, ಜೂಮ್ ಮಾಡಿದರೆ ಎಲ್ಲ ಚೌಕ ಚೌಕವಾಗಿ ಒಡೆಯುತ್ತಿತ್ತು, ಆಮೆ ಬಿಡಿಸಿದ ಇಬ್ಬರದ್ದಂತೂ ಸರಿಯಾಗಿ ನೋಡಲೇ ಆಗಲಿಲ್ಲ.

ಇಂತಿ,
ನಿನ್ನ ಗೆಳೆಯ