ಸಾವಿರ ಪ್ರತಿ ಮುಗಿದವು, ಮೊದಲ ನಮಸ್ಕಾರ ಬೈಂಡಿಂಗ್ ಅಕ್ಕನಿಗೆ

ಕೊನೆಯ ಕಟ್ಟಿನ ದಾರ ಬಿಚ್ಚಿದ್ದು ಕಳೆದ ಶನಿವಾರ. ಅದರಲ್ಲಿದ್ದ 25 ಪ್ರತಿಗಳೂ ಈಗ ಅಂಚೆಯಲ್ಲಿವೆ. ಅಲ್ಲಿಗೆ ನಮ್ಮ ಕಾಮಿಕ್ಸ್‌ನ ಮೊದಲ ಮುದ್ರಣದ 1000 ಪ್ರತಿ ಖಾಲಿ. ಕಥೆ ಎಲ್ಲಿಂದ ಬಂತು, ದುಡ್ಡು ಹೇಗೆ ಕೂಡಿತು, ಬಿಡುಗಡೆ ಯಾಕೆ ಎರಡು ಸಲ ಮುಂದಕ್ಕೆ ಹೋಯಿತು ಅನ್ನುವುದೆಲ್ಲ ನಿಮಗೆ ಗೊತ್ತಿರುವುದೇ, ಮತ್ತೆ ಹೇಳುವುದಿಲ್ಲ. ಹೇಳಬೇಕಾದದ್ದು ಯಾರಿಂದ ಈ ಪುಸ್ತಕ ಪುಸ್ತಕವಾಯಿತು ಅನ್ನುವುದು.

ಮುಂಗಡ ಕಟ್ಟಿದ ಓದುಗರಿಗೆ, ಕೌಂಟರ್ ಮೇಲೆ ಮುಖಪುಟ ಕಾಣುವ ಹಾಗೆ ಇಟ್ಟ ಅಂಗಡಿಯವರಿಗೆ, ಪುಸ್ತಕದ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್‌ಗೆ ದುಡ್ಡು ಕೊಡಬೇಕಿಲ್ಲ, ಅರ್ಜಿ ಹಾಕಿದರೆ ಉಚಿತವಾಗಿಯೇ ಸಿಗುತ್ತದೆ ಎಂದು ಹೇಳಿ ಪಕ್ಕದಲ್ಲಿ ಕೂತು ತುಂಬಿಸಿಕೊಟ್ಟ ಸ್ನೇಹಿತರಿಗೆ, ಮನೆಯ ನಡುಮನೆಯನ್ನು ವರ್ಷಗಟ್ಟಲೆ ಗೋದಾಮು ಮಾಡಿದರೂ ಸುಮ್ಮನಿದ್ದ ಮನೆಯವರಿಗೆ, ಎಲ್ಲರಿಗೂ ಮನಸಾರೆ ವಂದನೆ.

ಅಕ್ಷರ ಕೂರಿಸಿದ ಗೆಳತಿಯ ಬಗ್ಗೆ ಒಂದು ಸಾಲು ಸಾಲದು. ನಾವು ಮೊದಲು ಮಾತಿನ ಬಲೂನು ಬರೆದು, ಆಮೇಲೆ ಅದರೊಳಗೆ ಮಾತು ತುರುಕುತ್ತಿದ್ದೆವು. ಕನ್ನಡದಲ್ಲಿ ಅದು ನಡೆಯುವುದಿಲ್ಲ. ಒತ್ತಕ್ಷರ ಕೆಳಗೆ ಇಳಿಯುತ್ತದೆ, ಗುಡಿಸು ಮೇಲೆ ಏರುತ್ತದೆ, ಪದಕ್ಕೆ ಪ್ರತ್ಯಯ ಸೇರಿ ಉದ್ದವಾಗುತ್ತದೆ. 9 ಪಾಯಿಂಟ್ ಅಕ್ಷರಕ್ಕೆ 14 ಪಾಯಿಂಟ್ ಸಾಲಂತರ ಕೊಟ್ಟು, ಮೊದಲು ಮಾತು ಜೋಡಿಸಿ, ಅದರ ಸುತ್ತ ಬಲೂನು ಬರೆಯಬೇಕು ಎಂದು ಪುಟ ಪುಟವನ್ನೂ ತಿದ್ದಿಸಿದವರು ಅವರು. ಫಾಂಟ್ ಆರಿಸಿದ್ದೂ ಅವರೇ. 'ಬಲೂ ತಮ್ಮ' ಎಂಬ ಆ ಫಾಂಟ್ ಮುಕ್ತ ಪರವಾನಗಿಯದ್ದು, ಅಚ್ಚು ಹಾಕಿ ಮಾರಲು ಯಾರ ಅಪ್ಪಣೆಯೂ ಬೇಡ. ಕೆಲವು ಪದಗಳಿಗೆ ಮಾತ್ರ ನಾವು ಹಳೆಯ, ಯೂನಿಕೋಡ್ ಅಲ್ಲದ ಫಾಂಟ್ ಹಿಡಿದುಕೊಂಡಿದ್ದೆವು. ಅದಕ್ಕೆ ಪರಿವರ್ತಿಸುವಾಗ ಕಣ್ಣಿಗೆ ಕಾಣದ ಬಿಡಿಸುವ ಗುರುತು ಬಿದ್ದುಹೋಗಿ 'ಬಸ್‌ನಲ್ಲಿ' ಅನ್ನುವುದು 'ಬಸ್ನಲ್ಲಿ' ಆಗಿತ್ತು. ಪರದೆ ಮೇಲೆ ಹತ್ತು ಸಲ ನೋಡಿದರೂ ನಮಗೆ ಕಂಡಿರಲಿಲ್ಲ. ಅವರು 32 ಪುಟವನ್ನೂ ಕಾಗದದ ಮೇಲೆ ತೆಗೆದು, ಗಟ್ಟಿಯಾಗಿ ಓದಿ ಹಿಡಿದರು. ಅಕ್ಷರಗಳನ್ನೆಲ್ಲ ಔಟ್‌ಲೈನ್ ಮಾಡಿ, ಅಂದರೆ ಗೆರೆಚಿತ್ರವಾಗಿ ಬದಲಿಸಿ, ಪ್ರೆಸ್ಸಿಗೆ ಕಳಿಸಿದ್ದು ಅದಾದ ಮೇಲೆ. ಔಟ್‌ಲೈನ್ ಮಾಡಿದರೆ ಪ್ರೆಸ್ಸಿನ ಕಂಪ್ಯೂಟರಿನಲ್ಲಿ ಅಕ್ಷರ ಒಡೆಯುವುದಿಲ್ಲ ನಿಜ, ಆದರೆ ತಪ್ಪಿದ್ದರೆ ಆ ತಪ್ಪೂ ಹಾಗೇ ಗಟ್ಟಿಯಾಗುತ್ತದೆ.

ಪ್ಲೇಟ್ ಹಾಕುವ ಮುಂಚೆ ಫೈಲ್ ನೋಡಿ ತಡೆದ ಡಿಟಿಪಿ ಅಣ್ಣನಿಗೂ ವಂದನೆ. ರಾತ್ರಿಯ ದೃಶ್ಯಗಳ ಕಪ್ಪು ಆಳವಾಗಿ ಬರಲಿ ಎಂದು ನಾಲ್ಕೂ ಬಣ್ಣ ನೂರಕ್ಕೆ ನೂರು ಇಟ್ಟಿದ್ದೆವು, ಅಂದರೆ ಒಟ್ಟು 400. ಲೇಪನವಿಲ್ಲದ ಮ್ಯಾಪ್‌ಲಿಥೋ ಕಾಗದ ಅಷ್ಟು ಇಂಕು ಕುಡಿದರೆ ಒಣಗುವುದೇ ಇಲ್ಲ. ನೀಲಿ 40, ಕೆಂಪು 30, ಹಳದಿ 30, ಕಪ್ಪು 100ಕ್ಕೆ ಇಳಿಸಿದರು. ಮಾತಿನ ಅಕ್ಷರಗಳನ್ನು ಬರೀ ಕಪ್ಪಿಗೆ ತಂದು, ಕೆಳಗಿನ ಬಣ್ಣದ ಮೇಲೆಯೇ ಬೀಳುವ ಹಾಗೆ ಓವರ್‌ಪ್ರಿಂಟ್ ಹಾಕಿದರು. ಹಾಗಾಗಿ ಬಣ್ಣ ಕೂದಲೆಳೆಯಷ್ಟು ಜರುಗಿದ ಪುಟಗಳಲ್ಲೂ ಅಕ್ಷರದ ಸುತ್ತ ಬಿಳಿ ಅಂಚು ಬರಲಿಲ್ಲ.

ಇನ್ನು ಬೈಂಡಿಂಗ್ ಅಕ್ಕ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ.

ಅವರ ಕೆಲಸ ಶುರುವಾದದ್ದು ಅಚ್ಚಾದ ಮೇಲಲ್ಲ, ಅಚ್ಚಿಗೆ ವಾರ ಮುಂಚೆ. ಪುಸ್ತಕ ಕ್ರೌನ್ 1/4, ಕತ್ತರಿಸಿದ ಮೇಲೆ 7 ಇಂಚು ಅಗಲ, 9.5 ಇಂಚು ಎತ್ತರ. 20×30 ಇಂಚಿನ ಒಂದು ಹಾಳೆಯಲ್ಲಿ 16 ಪುಟ, 32 ಪುಟಕ್ಕೆ ಎರಡು ಹಾಳೆ, ಸಾವಿರ ಪ್ರತಿಗೆ 2000 ಹಾಳೆ. ಅಂದರೆ ನಾಲ್ಕು ರೀಮು, ವೇಸ್ಟೇಜಿಗೆ ಅರ್ಧ ರೀಮು ಮೇಲೆ. ಈ ಲೆಕ್ಕ ನಮಗೂ ಬರುತ್ತಿತ್ತು. ಅಕ್ಕ ಲೆಕ್ಕ ಕೇಳಲಿಲ್ಲ, "ಇದೇ ಕಾಗದ ನಾಲ್ಕು ಹಾಳೆ ತಂದುಕೊಡಿ" ಅಂದರು. ಮೊದಲು ಒಂದು ಹಾಳೆಯ ಮೂಲೆ ಒದ್ದೆ ಮಾಡಿ ಯಾವ ಕಡೆಗೆ ಸುರುಳಿಯಾಗುತ್ತದೆ ನೋಡಿದರು. ಗ್ರೇನ್, ಅಂದರೆ ಕಾಗದದ ನಾರಿನ ದಿಕ್ಕು, ಪುಸ್ತಕದ ಬೆನ್ನಿನ ಉದ್ದಕ್ಕೆ ಇರಬೇಕು, ಅಡ್ಡ ಇದ್ದರೆ ಪುಟ ಸೆಟೆದು ನಿಲ್ಲುತ್ತದೆ, 250 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ) ದಪ್ಪದ ಕವರ್ ಬೆನ್ನಿನಲ್ಲಿ ಬಿರಿಯುತ್ತದೆ. ಆಮೇಲೆ ಖಾಲಿ ಹಾಳೆಯನ್ನು ಮೂರು ಮಡಿಕೆ ಮಡಿಸಿ ನಮ್ಮ ಕೈಗೆ ಕೊಟ್ಟರು. ಒಳಮೂಲೆಯಲ್ಲಿ, ಮೂರನೇ ಮಡಿಕೆ ಕೂಡುವ ಜಾಗದಲ್ಲಿ, ಕೋಳಿ ಕಾಲಿನ ಹಾಗೆ ಮೂರು ಸುಕ್ಕು. 100 ಜಿಎಸ್‌ಎಂ ದಪ್ಪಕ್ಕೆ ಮೂರನೇ ಮಡಿಕೆಯಲ್ಲಿ ಗಾಳಿ ಸಿಕ್ಕಿಕೊಳ್ಳುತ್ತದೆ, ಹೊರಗೆ ಹೋಗಲು ದಾರಿ ಇಲ್ಲದೆ ಕಾಗದ ಸುಕ್ಕಾಗುತ್ತದೆ. ಆ ಸುಕ್ಕು ಸರಿಯಾಗಿ ನಮ್ಮ ನಡುಪುಟದ ಚಿತ್ರದ ಮೇಲೆ ಬರುತ್ತಿತ್ತು.

ದಾರಿ ತೋರಿಸಿದ್ದೂ ಅವರೇ. 16 ಪುಟದ ಒಂದು ಫಾರಂ (ಒಟ್ಟಿಗೆ ಮಡಿಸುವ ಪುಟಗಳ ಕಟ್ಟು) ಬದಲು ಒಂದೇ ಹಾಳೆಯಲ್ಲಿ 8 ಪುಟದ ಎರಡು ಫಾರಂ ಜೋಡಿಸಿ, ಅಚ್ಚಾದ ಮೇಲೆ ಹಾಳೆ ಅರ್ಧ ಕತ್ತರಿಸಿದರೆ ಎರಡೇ ಮಡಿಕೆ ಸಾಕು. ಮಡಿಸುವ ಕೂಲಿ ಹೆಚ್ಚು, ಸುಕ್ಕು ಇಲ್ಲ. ಇದನ್ನು ಪ್ಲೇಟ್ ಆಗುವ ಮುಂಚೆಯೇ ತೀರ್ಮಾನ ಮಾಡಬೇಕು, ಆಮೇಲೆ ಹಾಳೆ ಕತ್ತರಿಸಿದರೆ ಪುಟಗಳ ಜೋಡಣೆಯೇ ಕೂಡಿಬರುವುದಿಲ್ಲ. ಖಾಲಿ ಹಾಳೆ ಮಡಿಸಿ ಮಾಡಿದ ಮಾದರಿ, ಅಂದರೆ ಡಮ್ಮಿಯ ಅಂಚಿನ ಮೇಲೆ ಬೆರಳಾಡಿಸಿ ಇನ್ನೊಂದು ಮಾತು ಹೇಳಿದರು. ಒಂದರೊಳಗೊಂದು ಹಾಕಿ ಪಿನ್ ಹೊಡೆಯುವ ಪುಸ್ತಕದಲ್ಲಿ ನಡುವಿನ ಪುಟಗಳು ಸುಮಾರು 1 ಮಿಲಿಮೀಟರ್ ಹೊರಗೆ ಚಾಚುತ್ತವೆ, ಕಟಿಂಗಿನಲ್ಲಿ ಅಷ್ಟೂ ಹೋಗುತ್ತದೆ. ಆವತ್ತೇ ಕೂತು ಎಲ್ಲ ಮಾತಿನ ಬಲೂನುಗಳನ್ನೂ ಅಂಚಿನಿಂದ 6 ಮಿಲಿಮೀಟರ್ ಒಳಗೆ ಸರಿಸಿದೆವು.

ಬಿಡುಗಡೆಯ ಹಿಂದಿನ ರಾತ್ರಿಯ ಸಂಗತಿ ಹತ್ತಿರದ ಕೆಲವರಿಗಷ್ಟೇ ಗೊತ್ತು. ಜುಲೈ ತಿಂಗಳು, ಚಾಮರಾಜಪೇಟೆಯ ಹಿಂದಿನ ಗಲ್ಲಿ, ಬಿಡದ ಮಳೆ. ಬೈಂಡಿಂಗ್ ಕೋಣೆಯ ಒಂದು ಗೋಡೆಗೆ ನೀರು ಇಳಿಯತೊಡಗಿತ್ತು. ಮಡಿಸಿದ ಫಾರಂ ಕಟ್ಟುಗಳನ್ನು ಎತ್ತಿ ಈಚೆಗೆ ಜೋಡಿಸಿದ್ದು ನಾವು. ಆಗ ಎರಡನೇ ಫಾರಂ ಮೂರನೆಯದರ ಜಾಗಕ್ಕೆ ಬಂತು, ಮೂರನೆಯದು ಎರಡನೆಯದರ ಜಾಗಕ್ಕೆ ಹೋಯಿತು. ಯಾರೂ ಗಮನಿಸಲಿಲ್ಲ. ಗಮನಿಸಲು ಆಧಾರವೂ ಇರಲಿಲ್ಲ. ಚಿತ್ರ ಅಂಚಿನವರೆಗೂ ಇರುವ ಪುಟಗಳಲ್ಲಿ ಚಂದ ಕೆಡುತ್ತದೆ ಎಂದು ಪುಟಸಂಖ್ಯೆ ಹಾಕಿರಲಿಲ್ಲ. ಫಾರಂ ಬೆನ್ನಿನ ಮೇಲೆ ಗುರುತಿನ ಗೆರೆಯೂ ಇರಲಿಲ್ಲ. 300 ಪ್ರತಿಗೆ ಪಿನ್ ಬಿದ್ದವು.

ರಾತ್ರಿ ಹನ್ನೊಂದೂಕಾಲರ ಹೊತ್ತಿಗೆ ಅಕ್ಕ ಚಹಾ ಲೋಟ ಪಕ್ಕಕ್ಕಿಟ್ಟು ಒಂದು ಪ್ರತಿ ತಿರುವಿ ನೋಡುತ್ತಿದ್ದರು. ಮಾತು ಓದುತ್ತಿರಲಿಲ್ಲ, ಚಿತ್ರ ಅಷ್ಟೇ. ಒಂದು ಪುಟಕ್ಕೆ ನಿಂತರು, ಹಿಂದಕ್ಕೆ ಹೋದರು, ಮತ್ತೆ ಮುಂದಕ್ಕೆ ಬಂದರು. "ನೋಡಪ್ಪಾ, ಇಲ್ಲಿ ಲಾಟೀನು ಆರಿಹೋಯ್ತು. ಈ ಪುಟದಲ್ಲಿ ಮತ್ತೆ ಹೆಂಗೆ ಉರೀತೈತೆ? ಹುಡುಗಿ ಕೈಯಾಗೆ ಬೆಂಕಿಪೊಟ್ಟಣ ಇಲ್ವಲ್ಲ."

ಲಾಟೀನು ಆರುವುದು 11ನೇ ಪುಟದಲ್ಲಿ. ಅವರ ಕೈಲಿದ್ದ ಪ್ರತಿಯಲ್ಲಿ 12 ಆದ ಮೇಲೆ 5 ಬಂದಿತ್ತು. 4 ಆದ ಮೇಲೆ 9, 12 ಆದ ಮೇಲೆ 5, 8 ಆದ ಮೇಲೆ 13. ಹಿಂಭಾಗದಲ್ಲೂ ಹಾಗೇ, 20ರ ಮುಂದೆ 25, 28ರ ಮುಂದೆ 21.

ಕೈಕಾಲು ಬಿದ್ದುಹೋದವು. ಮುಂಗಡ ಕೊಟ್ಟವರ ಪಟ್ಟಿ ಜೇಬಿನಲ್ಲೇ ಇತ್ತು, ಅದರಲ್ಲಿದ್ದ ಒಂದೊಂದು ಹೆಸರೂ ಪರಿಚಯದ್ದು. ಮಾತಾಡಲು ಹೋದರೆ ಗಂಟಲು ಕಟ್ಟುತ್ತಿತ್ತು. ಅಷ್ಟೂ ಪ್ರತಿ ರದ್ದಿಗೆ ಹಾಕಿ, ಬಿಡುಗಡೆ ನಿಲ್ಲಿಸಿ, ದುಡ್ಡು ವಾಪಸು ಕೊಟ್ಟುಬಿಡೋಣ ಎನ್ನುವ ಮಾತು ನಮ್ಮ ನಡುವೆ ಬಂತು. ಆವತ್ತು ಹಾಗೆ ಮಾಡಿದ್ದರೆ ಎರಡನೇ ಮುದ್ರಣದ ಮಾತೇ ಇರುತ್ತಿರಲಿಲ್ಲ. ಇದನ್ನು ಬರೆಯುವಾಗಲೂ ಎದೆ ಹಿಡಿದಂತಾಗುತ್ತದೆ.

ಅಕ್ಕ ಆಗಲೇ ಮೊದಲ ಪ್ರತಿ ಬಿಚ್ಚಿಯಾಗಿತ್ತು.

ಅವರು ಮಾಡಿದ್ದನ್ನು ಇದ್ದ ಹಾಗೆ ಬರೆದಿಡುತ್ತೇವೆ, ಇಂಥ ರಾತ್ರಿ ಯಾರಿಗೆ ಬಂದರೂ ಉಪಯೋಗಕ್ಕೆ ಬರಲಿ. ನಡುಪುಟ ತೆರೆದು, ಪಿನ್ನಿನ ಎರಡೂ ಕಾಲುಗಳನ್ನು ಮೊಂಡು ಚಾಕುವಿನಿಂದ ಎತ್ತಿ ನೆಟ್ಟಗೆ ಮಾಡಬೇಕು. ಚೂಪಾದ ಚಾಕು ಬೇಡ, ಕಾಗದ ಸೀಳುತ್ತದೆ. ಪುಸ್ತಕ ಬೋರಲು ಹಾಕಿ ಬೆನ್ನಿನ ಕಡೆಯಿಂದ ಪಿನ್ ನೇರಕ್ಕೆ ಎಳೆಯಬೇಕು, ಓರೆಯಾಗಿ ಎಳೆದರೆ ತೂತು ದೊಡ್ಡದಾಗುತ್ತದೆ. ಫಾರಂಗಳನ್ನು ಸರಿಯಾದ ಕ್ರಮದಲ್ಲಿ ಒಂದರೊಳಗೊಂದು ಕೂರಿಸಿ, ಎರಡು ಸೂಜಿಗಳನ್ನು ಹಳೆಯ ತೂತುಗಳಲ್ಲಿ ಹಾಯಿಸಿ ಎಲ್ಲ ಪದರಗಳ ತೂತೂ ಒಂದೇ ಸಾಲಿಗೆ ಬರುವಂತೆ ಮಾಡಬೇಕು. ಆಮೇಲೆ ಹೊಸ ಪಿನ್ ಕೈಯಲ್ಲೇ ತೂರಿಸಿ, ಕಾಲು ಮಡಿಸಿ, ಚಾಕುವಿನ ಬೆನ್ನಿನಿಂದ ಒತ್ತಬೇಕು. ಮಷೀನಿಗೆ ಮತ್ತೆ ಕೊಡೋಣವೇ ಎಂದು ಕೇಳಿದ್ದಕ್ಕೆ, "ಹಳೇ ತೂತಲ್ಲೇ ಹೋಗ್ಬೇಕು. ಪಕ್ಕದಲ್ಲಿ ಇನ್ನೊಂದು ತೂತು ಬಿದ್ರೆ ಕವರ್ ಅಲ್ಲೇ ಹರಿಯುತ್ತೆ" ಅಂದರು.

ಪ್ರತಿಗೆ ಎರಡರಂತೆ 600 ಪಿನ್. ನಾಲ್ಕು ಜನ ಕೂತೆವು. ನಾವು ಒಂದು ಮುಗಿಸುವಷ್ಟರಲ್ಲಿ ಅವರು ಮೂರು ಮುಗಿಸುತ್ತಿದ್ದರು. ಬೆರಳ ತುದಿಗೆ ಬಟ್ಟೆ ಪಟ್ಟಿ ಸುತ್ತಿಕೊಂಡಿದ್ದರು, ಎರಡು ಗಂಟೆಯ ಹೊತ್ತಿಗೆ ಅದರಲ್ಲಿ ರಕ್ತದ ಕಲೆ ಇತ್ತು. ಮನೆಗೆ ಹೋಗಿ ಅಕ್ಕ, ಉಳಿದದ್ದು ನಾವು ನೋಡಿಕೊಳ್ಳುತ್ತೇವೆ ಅಂದರೆ ತಲೆಯೆತ್ತಿಯೂ ನೋಡಲಿಲ್ಲ. ಒಂದು ಪುಣ್ಯ, ಕಟಿಂಗ್ ಇನ್ನೂ ಆಗಿರಲಿಲ್ಲ. ಮೂರು ಬದಿ ಕತ್ತರಿಸಿದ ಮೇಲೆ ಫಾರಂ ಅದಲುಬದಲು ಮಾಡಿದ್ದರೆ ಅಂಚು ಮೆಟ್ಟಿಲು ಮೆಟ್ಟಿಲಾಗಿ ಉಳಿಯುತ್ತಿತ್ತು, ಅದಕ್ಕೆ ಪರಿಹಾರ ಇಲ್ಲ. ಬೆಳಗಿನ ಐದೂವರೆಗೆ ಕೊನೆಯ ಪ್ರತಿ ಮುಗಿಯಿತು. ಆರಕ್ಕೆ ಕಟಿಂಗ್ ಮಷೀನಿನವರನ್ನು ಎಬ್ಬಿಸಿದ್ದೂ ಅಕ್ಕನೇ. ಹನ್ನೊಂದಕ್ಕೆ ನೀವೆಲ್ಲ ಬಿಡುಗಡೆಗೆ ಬಂದಾಗ ನಿಮ್ಮ ಕೈಗೆ ಬಂದದ್ದು ಆ 300 ಪ್ರತಿ. ನಿಮ್ಮ ಪ್ರತಿಯಲ್ಲಿ ಪಿನ್ನಿನ ಕಾಲುಗಳು ಮಷೀನಿನ ಹಾಗೆ ಅಳತೆಗೆ ಸರಿಯಾಗಿಲ್ಲದೆ ಸ್ವಲ್ಪ ಓರೆಯಾಗಿದ್ದರೆ, ಅದು ಅವರು ಕೈಯಾರೆ ಹಾಕಿದ ಪಿನ್.

ಆ ರಾತ್ರಿಯ ದುಡಿಮೆಗೆ ನಮ್ಮ ಖರ್ಚಿನ ಪಟ್ಟಿಯಲ್ಲಿ ಜಾಗವೇ ಇರಲಿಲ್ಲ. ಕಾಗದ, 20 ಪ್ಲೇಟು, ಲ್ಯಾಮಿನೇಷನ್, ಸಾಗಾಣಿಕೆ, ಎಲ್ಲಕ್ಕೂ ಸಾಲು ಇತ್ತು. ಬೈಂಡಿಂಗಿಗೆ ಪ್ರತಿಗೆ ಇಷ್ಟು ಎಂದು ಒಂದೇ ಸಾಲು. ಬೆಲೆ ಇಳಿಸಲು ಎಲ್ಲಿ ಕೈಹಾಕೋಣ ಎಂದು ಹುಡುಕುವಾಗ ಮೊದಲು ಕೈಹಾಕಿದ್ದೂ ಆ ಸಾಲಿಗೇ. ಎರಡನೇ ಮುದ್ರಣದ ಪಟ್ಟಿಯಲ್ಲಿ ಡಮ್ಮಿ ಮಾಡುವುದಕ್ಕೆ ಬೇರೆ ಸಾಲಿದೆ, ರಾತ್ರಿ ಕೆಲಸಕ್ಕೆ ದುಪ್ಪಟ್ಟು ಕೂಲಿಯ ಸಾಲಿದೆ. ಸಣ್ಣ ಪ್ರಕಾಶನ ನಡೆಸುವವರು ದಯವಿಟ್ಟು ಈ ಎರಡು ಸಾಲು ಬರೆದುಕೊಳ್ಳಿ.

ಅಂಚೆ ಕಚೇರಿಯ ಕೌಂಟರಿನಲ್ಲಿ ಪುಸ್ತಕ ಕಳಿಸುವ ಜ್ಞಾನ ಪೋಸ್ಟ್ ಬಗ್ಗೆ ತಾಳ್ಮೆಯಿಂದ ತಿಳಿಸಿದವರಿಗೂ ಧನ್ಯವಾದ. 2025ರ ಮೇ 1ರಿಂದ ಇರುವ ಈ ಸೌಲಭ್ಯದಲ್ಲಿ 300 ಗ್ರಾಂವರೆಗಿನ ಪುಸ್ತಕಕ್ಕೆ 20 ರೂಪಾಯಿ, ತೆರಿಗೆ ಬೇರೆ. ನಮ್ಮ ಪುಸ್ತಕ ಸುಮಾರು 90 ಗ್ರಾಂ. ರಟ್ಟು, ಪ್ಲಾಸ್ಟಿಕ್ ಹೊದಿಕೆ ಸೇರಿ ಎರಡು ಪ್ರತಿ ಆರಾಮವಾಗಿ ಹೋಗುತ್ತವೆ, ಮೂರು ಹಾಕಿದರೆ ತೂಕ ಮೀರುತ್ತದೆ. ಎರಡೆರಡು ಪ್ರತಿ ತರಿಸಿಕೊಳ್ಳಿ ಎಂದು ನಿಮ್ಮನ್ನು ಕೇಳುತ್ತಿದ್ದದ್ದು ಇದಕ್ಕೇ. ರಟ್ಟು ಪುಸ್ತಕಕ್ಕಿಂತ ನಾಲ್ಕೂ ಕಡೆ ಒಂದು ಸೆಂಟಿಮೀಟರ್ ದೊಡ್ಡದಿರಬೇಕು, ಆಗ ಪೆಟ್ಟು ಬಿದ್ದರೂ ಪುಸ್ತಕದ ಮೂಲೆ ಉಳಿಯುತ್ತದೆ.

ಎರಡನೇ ಮುದ್ರಣದ ಹಾಳೆಗಳು ಬರುವ ಸೋಮವಾರ ಅಕ್ಕನ ಕೋಣೆಗೆ ಹೋಗುತ್ತವೆ. ಈ ಸಲ ಬಿಡುಗಡೆ ದಿನಾಂಕ ಮೊದಲೇ ಹೇಳುವುದಿಲ್ಲ. ಇಂಕು ಒಣಗಲು ಪೂರಾ ಎರಡು ದಿನ, ಬೇಕಾದರೆ ಮೂರು. ಪ್ರತಿ ಪುಟಕ್ಕೂ ಸಂಖ್ಯೆ ಇದೆ, ರಾತ್ರಿಯ ಪುಟಗಳಲ್ಲಿ ಬಿಳಿ ಬಣ್ಣದಲ್ಲಿ. ನಾಲ್ಕೂ ಫಾರಂಗಳ ಬೆನ್ನಿನ ಮೇಲೆ ಮೇಲಿಂದ ಕೆಳಕ್ಕೆ ಇಳಿಯುವ ಹಾಗೆ ಒಂದೊಂದು ಕಪ್ಪು ಗೆರೆ ಹಾಕಿದ್ದೇವೆ. ಒಂದರೊಳಗೊಂದು ಕೂರಿಸುವ ಮುಂಚೆ ಸಾಲಾಗಿ ಇಟ್ಟ ಕಟ್ಟುಗಳು ಅದಲುಬದಲಾಗಿದ್ದರೆ ಇಳಿಜಾರು ಅಲ್ಲೇ ಮುರಿದು ಕಾಣುತ್ತದೆ, ಕೂರಿಸಿ ಕವರ್ ಹಾಕಿದ ಮೇಲೆ ಆ ಗೆರೆ ಮುಚ್ಚಿಹೋಗುತ್ತದೆ. ಮೊನ್ನೆ ಡಮ್ಮಿ ತೋರಿಸಿದಾಗ ಅಕ್ಕ ಗೆರೆಗಳನ್ನು ನೋಡಿ ತಲೆಯಾಡಿಸಿದರು. ಆಮೇಲೆ 11ನೇ ಪುಟ ತೆಗೆದು, ಲಾಟೀನು ಆರಿದೆಯೇ ಎಂದು ಒಮ್ಮೆ ನೋಡಿ, ಮುಂದಿನ ಪುಟ ತಿರುವಿದರು.