ಬೋರ್‌ವೆಲ್ ಕೆಲಸದಲ್ಲಿ ಬದಲಾವಣೆ: ನಮ್ಮ ಗ್ರಾಹಕರಿಗೆ ಪತ್ರ

ಕುಷ್ಟಗಿ, ಯಲಬುರ್ಗಾ ಭಾಗದ ರೈತ ಬಂಧುಗಳಿಗೆ ನಮಸ್ಕಾರ.

ಈ ಯುಗಾದಿಯಿಂದ ನಮ್ಮ ಸಂಘದ ಬೋರ್ ಗಾಡಿ 500 ಅಡಿಗಿಂತ ಹೆಚ್ಚು ಆಳಕ್ಕೆ ಕೊರೆಯುವುದಿಲ್ಲ. ಬತ್ತಿದ ಬೋರಿನ ಪಕ್ಕದಲ್ಲೇ ಇನ್ನೊಂದು ಹಾಕುವುದನ್ನೂ ನಿಲ್ಲಿಸುತ್ತಿದ್ದೇವೆ. ಮೊದಲು ಹಳೆ ಬೋರಿಗೆ ಮಳೆನೀರು ಇಂಗಿಸುವ ಗುಂಡಿ ಮಾಡಿಕೊಡುತ್ತೇವೆ. ಬೇರೆ ಕಡೆ ಹೊಸ ಬೋರು ಬೇಕೇ ಬೇಕು ಎಂದರೆ, ಅದಕ್ಕೂ ಇಂಗುಗುಂಡಿ ಕಡ್ಡಾಯ.

ಫೋನಿನಲ್ಲಿ ಭೂಮಿ ಕುಸಿದ ವಿಡಿಯೋ ನೋಡಿ, "ನಮ್ಮ ಹೊಲಾನೂ ಹಿಂಗ ಕುಸೀತೈತೇನು?" ಅಂತ ಕೆಲವರು ಕೇಳಿದ್ದೀರಿ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸ್ಯಾನ್ ವಾಕೀನ್ ಅನ್ನುವ ಬೇಸಾಯದ ಕಣಿವೆ ಇದೆ. ಅಲ್ಲಿ ಒಂದು ಕಡೆ 1925ರಿಂದ 1977ರೊಳಗೆ ನೆಲ ಸುಮಾರು 28 ಅಡಿ ಇಳಿಯಿತು. ಅಲ್ಲಿ ಕೆಳಗಿರುವುದು ಮರಳು ಮತ್ತು ಜೇಡಿಮಣ್ಣಿನ ದಪ್ಪ ಪದರ. ನೀರು ಎತ್ತಿದಂತೆ ಜೇಡಿ ಅದುಮಿಕೊಳ್ಳುತ್ತದೆ. ಆಮೇಲೆ ಎಷ್ಟು ಮಳೆ ಬಂದರೂ ಮೊದಲಿನಂತೆ ಉಬ್ಬುವುದಿಲ್ಲ.

ನಮ್ಮ ಎರೆ (ಕಪ್ಪು ಮಣ್ಣು), ಮಸಾರಿ (ಕೆಂಪು ಮಣ್ಣು) ಹೊಲಗಳ ಕೆಳಗೆ ಗಟ್ಟಿ ಕಲ್ಲಿದೆ. ಅದು ಹಾಗೆ ಅದುಮಿಕೊಳ್ಳುವುದಿಲ್ಲ. ಬೇಸಿಗೆಯಲ್ಲಿ ಎರೆ ಹೊಲ ಬಾಯಿ ಬಿಡುವುದು ಮೇಲಿನ ಮಣ್ಣು ಒಣಗಿ. ಆದರೆ ಕಲ್ಲಿನ ಬಿರುಕಿನಲ್ಲಿ ನಿಲ್ಲುವ ನೀರೇ ಕಡಿಮೆ. ಆಳಕ್ಕೆ ಹೋದಷ್ಟೂ ಬಿರುಕೂ ಕಡಿಮೆ. 800 ಅಡಿ ಕೊರೆಸಿ ಬರೀ ಕಲ್ಲಿನ ಪುಡಿ ಕಂಡವರು ನಿಮ್ಮೂರಲ್ಲೂ ಇದ್ದಾರೆ, ಅಲ್ವಾ? ಕಲ್ಲಿನ ಜೊತೆ ಬಹಳ ಕಾಲ ನಿಂತ ನೀರಿಗೆ ಹಲ್ಲು, ಮೂಳೆ ಕೆಡಿಸುವ ಫ್ಲೋರೈಡ್ ಜಾಸ್ತಿ ಸೇರುತ್ತದೆ. ನಮ್ಮ ಭಾಗಕ್ಕೆ ಇದೇನು ಹೊಸದಲ್ಲ.

ಒಂದು ಲೆಕ್ಕ ನೋಡಿ. ವರ್ಷಕ್ಕೆ 600 ಮಿಲಿಮೀಟರ್ ಮಳೆ ಎಂದರೆ ಎಕರೆಗೆ ಸುಮಾರು 24 ಲಕ್ಷ ಲೀಟರ್. ನಮ್ಮಂಥ ಕಲ್ಲುನೆಲದಲ್ಲಿ ಹತ್ತರಲ್ಲಿ ಒಂದು ಪಾಲು ಇಂಗಿದರೆ ದೊಡ್ಡದು. ಗಂಟೆಗೆ 10 ಸಾವಿರ ಲೀಟರ್ ಎತ್ತುವ ಮೋಟರು ದಿನಕ್ಕೆ 7 ತಾಸು ಓಡಿದರೆ, ಆ ಎಕರೆಯ ವರ್ಷದ ಪಾಲು ನಾಲ್ಕು ದಿನದೊಳಗೆ ಖಾಲಿ. ಮಿಕ್ಕಿದ್ದು ಪಕ್ಕದ ಹೊಲದ ಕೆಳಗಿನಿಂದ ಬರಬೇಕು. ಅಲ್ಲೂ ಮೋಟರು ಓಡುತ್ತಿದೆ. ಇದು ಗೊತ್ತಿದ್ದೂ ಆಳಕ್ಕೆ ಕೊರೆದು ನಿಮ್ಮ ಸಾಲದ ದುಡ್ಡು ತೆಗೆದುಕೊಳ್ಳಲು ನಮಗೆ ಮನಸ್ಸಿಲ್ಲ.

ಬೋರಿನ ಮೇಲ್ಭಾಗಕ್ಕೆ ಇಳಿಸಿದ ಕೇಸಿಂಗ್ ಪೈಪಿನ ಸುತ್ತ 10 ಅಡಿ ಅಗಲ, 10 ಅಡಿ ಆಳದ ಗುಂಡಿ ತೆಗೆಯುತ್ತೇವೆ. ಗುಂಡಿಯೊಳಗಿನ ಪೈಪಿಗೆ ಸಣ್ಣ ತೂತು ಹಾಕಿ ಜಾಳಿಗೆ ಸುತ್ತುತ್ತೇವೆ. ತಳಕ್ಕೆ ದಪ್ಪ ಕಲ್ಲು, ಮೇಲೆ ಜಲ್ಲಿ, ಅದರ ಮೇಲೆ ಮರಳು. ಹೊಲದ ನೀರು ನೇರವಾಗಿ ಒಳಗೆ ಹೋಗಬಾರದು. ಎರೆ ನೀರಿನಲ್ಲಿ ರಾಡಿ ಹೆಚ್ಚು, ಆದ್ದರಿಂದ ಮುಂದೆ ಹೂಳು ನಿಲ್ಲುವ ಇನ್ನೊಂದು ಗುಂಡಿ ಬೇಕೇ ಬೇಕು. ದೊಡ್ಡ ಮಳೆ ಆದಾಗಲೆಲ್ಲ ಅದರ ಹೂಳು ತೆಗೆಯುವ ಕೆಲಸ ನಿಮ್ಮದು. ದನದ ಕೊಟ್ಟಿಗೆ ನೀರು, ಔಷಧಿ ಹೊಡೆದ ಹೊಲದ ನೀರು ಬಿಡಲೇಬೇಡಿ. ಕುಡಿಯಲು ಬಳಸುವ ಬೋರಿಗೆ ಈ ಕೆಲಸ ನಾವು ಮಾಡುವುದಿಲ್ಲ.

ಗುಂಡಿ ಮಾಡಿದ ಕೂಡಲೇ ನೀರು ಉಕ್ಕುತ್ತದೆ ಅಂತ ಮಾತು ಕೊಡುವುದಿಲ್ಲ. ಮಳೆ ಬರಬೇಕು, ಪಕ್ಕದ ಹೊಲದವರೂ ಕೈಜೋಡಿಸಬೇಕು. 2019ರಲ್ಲಿ ಕೊಪ್ಪಳದ ಗವಿಮಠದ ಸ್ವಾಮೀಜಿಯವರ ಮುಂದಾಳತ್ವದಲ್ಲಿ ಜನ ಸೇರಿ ಹಿರೇಹಳ್ಳ ಸ್ವಚ್ಛ ಮಾಡಿದ್ದನ್ನು ನೀವೇ ನೋಡಿದ್ದೀರಿ.

ಬೋರು ಕೊರೆಯುವ ಅಡಿ ದರ ಹಳೆಯದೇ. ಗುಂಡಿಗೆ ಜೆಸಿಬಿ ಬಾಡಿಗೆ, ಕಲ್ಲು, ಮರಳಿನ ಖರ್ಚು ಮಾತ್ರ ತೆಗೆದುಕೊಳ್ಳುತ್ತೇವೆ. ಆಳದ ಬೋರಿಗೆ ಮುಂಗಡ ಕೊಟ್ಟವರು ರಸೀದಿ ತಂದರೆ ಪೂರ್ತಿ ಹಣ ವಾಪಸ್. ಮುಂಗಾರಿಗೆ ಮೊದಲೇ ಗುಂಡಿ ಆಗಬೇಕಾದರೆ ಈಗಲೇ ಹೆಸರು ಬರೆಸಿ. ಅಕ್ಕಪಕ್ಕದ ಹೊಲದವರು ಒಟ್ಟಿಗೆ ಬಂದರೆ ಜೆಸಿಬಿ ಖರ್ಚೂ ಕಡಿಮೆಯಾಗುತ್ತದೆ.

ಇಂತಿ ನಿಮ್ಮ,
ಸಂಘದ ಆಡಳಿತ ಮಂಡಳಿ