ಸಿಲ್ಯೂರರ ಹೆಸರಿರುವ ಕಲ್ಲು

ಆತ್ಮೀಯ ಸದಸ್ಯರೇ,

ಹೋದ ಭಾನುವಾರ ಮನೆಮಂದಿಯೆಲ್ಲ ಕೇರ್‌ವೆಂಟ್‌ಗೆ ಹೋಗಿದ್ದೆವು. ನಮ್ಮ ದಕ್ಷಿಣ ವೇಲ್ಸ್‌ನದೇ ಪುಟ್ಟ ಹಳ್ಳಿ. ರೋಮನ್ನರ ಕಾಲದ ಕೋಟೆಗೋಡೆ ಇನ್ನೂ ಊರನ್ನು ಸುತ್ತುವರಿದಿದೆ, ಕೆಲವು ಕಡೆ 5 ಮೀಟರ್ ಎತ್ತರ. ಗೋಡೆ ನೋಡಲು ಹೋದ ನಾನು ಜಾಸ್ತಿ ಹೊತ್ತು ನಿಂತಿದ್ದು ಅಲ್ಲಿನ ಚರ್ಚಿನ ಮೊಗಸಾಲೆಯಲ್ಲಿ, ಒಂದು ಕಲ್ಲಿನ ಮುಂದೆ.

ರೋಮನ್ನರು ಬರುವ ಮೊದಲು ಈ ನೆಲ ಸಿಲ್ಯೂರರದು. ಅವರು ಒಂದು ಕೆಲ್ಟಿಕ್ ಬುಡಕಟ್ಟು. ಕ್ರಿ.ಶ. 43ರಲ್ಲಿ ರೋಮನ್ ಸೈನ್ಯ ಬ್ರಿಟನ್ನಿನಲ್ಲಿ ಇಳಿಯಿತು. ಪೂರ್ವದಲ್ಲಿ ರೋಮನ್ನರಿಗೆ ಸೋತು ಬಂದ ಅರಸ ಕ್ಯಾರಟಕಸ್‌ನನ್ನು ಸಿಲ್ಯೂರರು ನಾಯಕನೆಂದು ಒಪ್ಪಿಕೊಂಡರು. ಅವನು ಬೇರೆ ಕುಲದವನು, ಆದರೂ ಒಪ್ಪಿಕೊಂಡರು! 51ರ ಸುಮಾರಿಗೆ ಅವನು ಮತ್ತೆ ಸೋತ. ಆಶ್ರಯ ಕೇಳಿ ಹೋದವನನ್ನು ಉತ್ತರದ ಬ್ರಿಗಾಂಟರೆಂಬ ಬುಡಕಟ್ಟಿನ ರಾಣಿ ಕಾರ್ಟಿಮಾಂಡುವಾ ಶತ್ರುಗಳ ಕೈಗೆ ಕೊಟ್ಟಳು.

ಸಿಲ್ಯೂರರು ಮಾತ್ರ ಬಗ್ಗಲಿಲ್ಲ. ಕಾಡು, ಜೌಗುಗಳಲ್ಲಿ ಹೊಂಚು ಹಾಕಿದರು. ಕೋಟೆ ಕಟ್ಟುತ್ತಿದ್ದವರ ಮೇಲೆ, ಮೇವಿಗೆ ಹೋದವರ ಮೇಲೆ ಬಿದ್ದರು. ಈ ಕುಲದ ಹೆಸರೇ ಉಳಿಯಬಾರದು ಎಂದು ರೋಮನ್ ಗವರ್ನರ್ ಓಸ್ಟೋರಿಯಸ್ ಸ್ಕಾಪುಲ ಹೇಳಿದನಂತೆ. ಅದು ಕಿವಿಗೆ ಬಿದ್ದ ಮೇಲೆ ಇವರ ಹಠ ಇನ್ನೂ ಹೆಚ್ಚಿತು. 52ರಲ್ಲಿ ಸತ್ತವನು ಅವನೇ, ಚಿಂತೆಯಲ್ಲಿ ಸೊರಗಿ. ಮುಂದಿನ ಗವರ್ನರ್ ಬರುವಷ್ಟರಲ್ಲಿ ರೋಮನ್ನರ ಒಂದು ಲೀಜನ್ನೇ (ಸಾವಿರಾರು ಸೈನಿಕರ ದಳ) ಇವರಿಗೆ ಸೋತಿತ್ತು. ಕೊನೆಗೆ ಫ್ರಾಂಟಿನಸ್ ಎಂಬ ಗವರ್ನರ್ ಇವರನ್ನು ಮಣಿಸಿದ್ದು 70ರ ದಶಕದಲ್ಲಿ.

ಇದೆಲ್ಲ ನಮಗೆ ತಿಳಿದಿರುವುದು ರೋಮನ್ ಇತಿಹಾಸಕಾರ ಟ್ಯಾಸಿಟಸ್ ಬರೆದಿಟ್ಟಿದ್ದರಿಂದ. ಕಂದು ಮುಖ, ಗುಂಗುರು ಕೂದಲು ಎಂದು ಅವರ ರೂಪವನ್ನೂ ಹೇಳಿದ್ದಾನೆ. ಅವರ ಬಾಯಿಂದ ಬಂದ ಒಂದು ಮಾತೂ ಉಳಿದಿಲ್ಲ. ಕ್ಯಾರಟಕಸ್ ಹೋದ ಮೇಲೆ ಕಾದಾಡಿದವರಲ್ಲಿ ಒಬ್ಬನ ಹೆಸರೂ ಇಲ್ಲ. ನಮ್ಮಲ್ಲಿ ಊರ ದನ ಬಿಡಿಸಲು ಹೋಗಿ ಸತ್ತವನಿಗೂ ವೀರಗಲ್ಲು ನಿಲ್ಲಿಸುತ್ತಿದ್ದರು, ಅಲ್ವಾ? ಅದು ನೆನಪಾಗಿ ಸಂಕಟವಾಯಿತು.

ಚರ್ಚಿನಲ್ಲಿರುವ ಕಲ್ಲು 3ನೇ ಶತಮಾನದ ಆರಂಭದ್ದು. ಪಾಲಿನಸ್ ಎಂಬ ರೋಮನ್ ಅಧಿಕಾರಿಯ ಗೌರವಕ್ಕೆ ನಿಲ್ಲಿಸಿದ್ದು. ಮೇಲೆಲ್ಲ ಅವನ ಪದವಿಗಳು. ಕಟ್ಟಕಡೆಗೆ, ಇದನ್ನು ನಿಲ್ಲಿಸಿದವರು ಸಿಲ್ಯೂರರ ನಾಡಿನವರು ಎಂದಿದೆ. ಭಾಷೆ ಲ್ಯಾಟಿನ್, ಹೆಸರು ಅವರದೇ. ಮಣಿದು ಸುಮಾರು 150 ವರ್ಷ ಕಳೆದ ಮೇಲೂ ಆ ಹೆಸರನ್ನು ಬಿಟ್ಟಿರಲಿಲ್ಲ.

ಮಗಳು ಬೆರಳು ತೋರಿಸುತ್ತ ಒಂದೊಂದೇ ಅಕ್ಷರ ಓದಿದಳು. "ಅಪ್ಪಾ, ಯು ಇರಬೇಕಾದ ಕಡೆಯೆಲ್ಲ ವಿ ಕೆತ್ತಿದ್ದಾರೆ," ಅಂದಳು. ಆಮೇಲೆ ಮತ್ತೆ ಮೊದಲಿನಿಂದ, ಈ ಸಲ ಗಟ್ಟಿಯಾಗಿ, ಆ ಹೆಸರನ್ನು ಓದಿದಳು.